ಅಪೊಲೊ ಹೇಳಿದ್ದು, ಈಡಿಪಸ್ ಮಾಡಿದ್ದು

ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಬಂದ, ಗ್ರೀಕ್ ಪುರಾಣದ ರಾಜ ಈಡಿಪಸ್ ಕುರಿತ ಲೇಖನ ಓದಿ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ತಂದೆಯನ್ನು ಕೊಲ್ಲುತ್ತಾನೆ, ತಾಯಿಯನ್ನು ಮದುವೆಯಾಗುತ್ತಾನೆ ಎಂದು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಹಾಗಿದ್ದರೆ ಅವನ ತಪ್ಪೇನು? ಕಣ್ಣು ಯಾಕೆ ಚುಚ್ಚಿಕೊಳ್ಳಬೇಕಿತ್ತು? ಇದು ಬರೀ ಹಣೆಬರಹದ ಬೊಂಬೆಯಾಟ ಅಲ್ವಾ?”

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಈ ಕಥೆಯನ್ನು ನಾಟಕ ಮಾಡಿದ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಅದನ್ನು ಎಲ್ಲಿಂದ ಶುರುಮಾಡುತ್ತಾನೆ ನೋಡಿ. ಪರದೆ ಸರಿಯುವ ಹೊತ್ತಿಗೆ, ಅಥೆನ್ಸಿನ ಬಯಲು ರಂಗದಲ್ಲಿ ಪರದೆ ಇರಲಿಲ್ಲ ಬಿಡಿ, ಕೊಲೆ ನಡೆದು ವರ್ಷಗಳಾಗಿವೆ. ಮದುವೆಯಾಗಿ ಮಕ್ಕಳೂ ಆಗಿದ್ದಾರೆ. ಡೆಲ್ಫಿಯ ಅಪೊಲೊ ದೇವರ ಗುಡಿಯ ದೈವವಾಣಿ ಹೇಳಿದ್ದೆಲ್ಲ ಮುಗಿದುಹೋಗಿದೆ. ನಮ್ಮ ಕಣ್ಣೆದುರು ನಡೆಯುವುದು ವಿಚಾರಣೆ ಮಾತ್ರ.

ಈಡಿಪಸ್ ಆಳುವ ಥೀಬ್ಸ್ ನಗರಕ್ಕೆ ಸಾಂಕ್ರಾಮಿಕ ಬಂದಿದೆ. ಈಡಿಪಸ್ ತಿಳಿಯದೆ ಕೊಂದ ತಂದೆ, ಹಿಂದಿನ ರಾಜ ಲಾಯಸ್‌ನ ಕೊಲೆಗಾರನನ್ನು ಹುಡುಕಿ ಎಂದು ಅಪೊಲೊ ಹೇಳಿದ್ದಾನೆ, ನಿಜ. ಆದರೆ ಆ ಸುದ್ದಿಯನ್ನು ಒಳಗೆ ಹೋಗಿ ಹೇಳಲೇ ಎಂದು ರಾಣಿಯ ಸೋದರ ಕ್ರಿಯಾನ್ ಕೇಳಿದಾಗ, ಎಲ್ಲರೆದುರೇ ಹೇಳು ಅನ್ನುವವನು ಈಡಿಪಸ್. ಕೊಲೆಗಾರನಿಗೆ ಶಾಪ ಹಾಕುವವನೂ ಅವನೇ. ಕುರುಡ ಕಣಿಗಾರ ಟೈರೀಸಿಯಸ್ “ನನ್ನನ್ನು ಮನೆಗೆ ಕಳಿಸಿಬಿಡು” ಎಂದರೂ ಕೆಣಕಿ ಬಾಯಿ ಬಿಡಿಸುತ್ತಾನೆ. ಆಮೇಲೆ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಕೊಲೆ ಮಾಡಿದವರು ಯಾರು ಅನ್ನುವುದು ಹಿಂದೆ ಸರಿದು, ನಾನು ಯಾರ ಮಗ ಅನ್ನುವುದು ಮುಂದೆ ಬರುತ್ತದೆ. ಇದನ್ನು ಕೇಳು ಎಂದು ಯಾವ ದೇವರೂ ಹೇಳಿರಲಿಲ್ಲ. ಹೆಂಡತಿಯೂ ತಾಯಿಯೂ ಆದ ಜೊಕಾಸ್ಟಾ ಬೇಡ ಎಂದು ಅಂಗಲಾಚುತ್ತಾಳೆ. ಹುಟ್ಟಿನ ಗುಟ್ಟು ಬಲ್ಲ ಮುದಿ ಕುರುಬ ಬಾಯಿಬಿಡಲು ಹೆದರುತ್ತಾನೆ, ಈಡಿಪಸ್ ಅವನ ಕೈ ಹಿಂದಕ್ಕೆ ತಿರುಚಿಸಿ ಹೇಳಿಸುತ್ತಾನೆ. ಬೊಂಬೆ ಹೀಗೆ ಹಟ ಮಾಡುವುದಿಲ್ಲ.

ಕಣ್ಣಿನ ವಿಷಯಕ್ಕೆ ಬರೋಣ. ಹೋಮರನ ಮಹಾಕಾವ್ಯ ಒಡಿಸ್ಸಿಯಲ್ಲಿ ಈ ಕಥೆ ಹತ್ತೇ ಸಾಲಿನಲ್ಲಿ ಬರುತ್ತದೆ. ಅಲ್ಲಿ ಸತ್ಯವನ್ನು ಹೊರಗೆಡಹುವವರು ದೇವರುಗಳೇ. ತಾಯಿ ನೇಣು ಹಾಕಿಕೊಳ್ಳುತ್ತಾಳೆ. ಈಡಿಪಸ್ ದುಃಖಪಡುತ್ತಲೇ ರಾಜನಾಗಿ ಮುಂದುವರಿಯುತ್ತಾನೆ, ಕಣ್ಣಿನ ಮಾತೇ ಇಲ್ಲ. ಈಗ ಚೂರುಪಾರು ಮಾತ್ರ ಉಳಿದಿರುವ ಯೂರಿಪಿಡಿಸ್‌ನ ಈಡಿಪಸ್ ನಾಟಕದಲ್ಲಿ ಲಾಯಸ್‌ನ ಸೇವಕರು ಅವನ ಕಣ್ಣು ತೆಗೆಯುತ್ತಾರೆ. ಅಂದರೆ ಕಥೆಯನ್ನು ಬೇರೆ ಥರ ಹೇಳಲು ದಾರಿಗಳಿದ್ದವು. ಸೊಫೊಕ್ಲಿಸ್ ಈಡಿಪಸ್‌ನ ಸ್ವಂತ ಕೈಯನ್ನೇ ಆರಿಸಿಕೊಂಡ. ಮೇಳದವರು “ಯಾವ ದೇವರು ಹೀಗೆ ಮಾಡಿಸಿದ?” ಎಂದು ಕೇಳಿದಾಗ ಈಡಿಪಸ್ ಹೇಳುವ ಮಾತಿನ ಸಾರ ಇಷ್ಟು: ಈ ಕಷ್ಟ ತಂದವನು ಅಪೊಲೊ, ಆದರೆ ಚುಚ್ಚಿದ ಕೈ ನನ್ನದೇ, ಬೇರೆ ಯಾರದ್ದೂ ಅಲ್ಲ. ನನಗೆ ಇಡೀ ನಾಟಕದ ಜೀವ ಇಲ್ಲೇ ಇದೆ ಅನ್ನಿಸುತ್ತದೆ. ಅವನು ದೇವರನ್ನೂ ಬಿಟ್ಟುಕೊಡುವುದಿಲ್ಲ, ತನ್ನ ಕೈಯನ್ನೂ ಬಿಟ್ಟುಕೊಡುವುದಿಲ್ಲ.

ಕುರುಡನಾಗುತ್ತಾನೆ ಎಂದು ಟೈರೀಸಿಯಸ್ ಮೊದಲೇ ಹೇಳಿದ್ದನಲ್ಲ ಎಂದು ನೀವು ಕೇಳಬಹುದು. ಹೌದು, ಹೇಳಿದ್ದ. ಮುಂದಾಗುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದವನು ಮಾಡಿಸಿದವನಾಗುವುದಿಲ್ಲ.

ಇನ್ನು ತಪ್ಪೇನು ಅನ್ನುವುದು. ಅಹಂಕಾರ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ನಾನಂತೂ ಒಪ್ಪುವುದಿಲ್ಲ. ದುರಂತದ ನಾಯಕ ಬೀಳುವುದು ಕೆಟ್ಟತನದಿಂದಲ್ಲ, ಏನೋ ಒಂದು ತಪ್ಪಿನಿಂದ ಎಂದು ಅರಿಸ್ಟಾಟಲ್ ಕೂಡ ಹೇಳಿ ಈಡಿಪಸ್‌ನ ಹೆಸರನ್ನೇ ಕೊಡುತ್ತಾನೆ. ನಮ್ಮಲ್ಲಾದರೆ ಹಿಂದಿನ ಜನ್ಮದ ಲೆಕ್ಕ ತೆಗೆಯುತ್ತಿದ್ದೆವು. ಸೊಫೊಕ್ಲಿಸ್ ಆ ಸಮಾಧಾನವನ್ನೂ ಕೊಡುವುದಿಲ್ಲ. ಲಾಯಸ್‌ಗೆ ಅಂಥ ದೈವವಾಣಿ ಯಾಕೆ ಬಂತು ಎಂದು ಈ ನಾಟಕ ಹೇಳುವುದೇ ಇಲ್ಲ.

ಎಲ್ಲ ಗ್ರೀಕ್ ನಾಟಕಗಳೂ ಹೀಗೇ ಇವೆ ಅಂತಲ್ಲ. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸ್‌ನ ಅಗಮೆಮ್ನಾನ್‌ನಲ್ಲಿ ಸೇನಾಪತಿ ತನ್ನ ಮಗಳನ್ನು ಬಲಿ ಕೊಡಬೇಕೋ ಬೇಡವೋ ಎಂದು ಗೊತ್ತಿದ್ದೂ ಗೊತ್ತಿದ್ದೂ ತೂಗಿ ನೋಡುತ್ತಾನೆ. ಈಡಿಪಸ್‌ಗೆ ಆ ಅವಕಾಶವೇ ಸಿಗಲಿಲ್ಲ.

ಅಂದಹಾಗೆ, ನಿಮ್ಮ ಪ್ರಶ್ನೆಯನ್ನು ಈಡಿಪಸ್ ತಾನೇ ಕೇಳಿದ್ದಾನೆ. ಸೊಫೊಕ್ಲಿಸ್ ತೀರಿಕೊಂಡದ್ದು ಕ್ರಿ.ಪೂ. 406ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ಅವನ ಕೊನೆಯ ನಾಟಕವನ್ನು ಮೊಮ್ಮಗ ಕ್ರಿ.ಪೂ. 401ರಲ್ಲಿ ಆಡಿಸಿದ. ಅದರಲ್ಲಿ ಮುದುಕನಾದ ಈಡಿಪಸ್ ಕೊಲೊನಸ್ ಎಂಬ ಊರಿಗೆ ಬಂದು ವಕೀಲನ ಹಾಗೆ ವಾದ ಮಾಡುತ್ತಾನೆ: ಮೊದಲು ಹೊಡೆದವರು ಲಾಯಸ್‌ನ ಕಡೆಯವರು. ತಂದೆ ಎಂದು ನನಗೆ ಗೊತ್ತಿರಲಿಲ್ಲ. ಕಾನೂನಿನ ಪ್ರಕಾರ ನಾನು ಶುದ್ಧ. ಇದು ಸುಮ್ನೆ ಆಡಿದ ಮಾತಲ್ಲ. ಬೇಕೆಂದು ಮಾಡಿದ ಕೊಲೆ ಬೇರೆ, ಗೊತ್ತಿಲ್ಲದೆ ಆದದ್ದು ಬೇರೆ ಎಂದು ಅಥೆನ್ಸಿನ ಕಾನೂನೂ ನೋಡುತ್ತಿತ್ತು. ಆದರೆ ಅದೇ ನಾಟಕದಲ್ಲಿ, ಈಡಿಪಸ್ ತನ್ನ ಹೆಣ್ಣುಮಕ್ಕಳನ್ನು ಬಿಡಿಸಿ ತಂದ ಅಥೆನ್ಸಿನ ರಾಜ ಥೀಸಿಯಸ್‌ನ ಕೈ ಹಿಡಿಯಲು ಹೋಗುತ್ತಾನೆ, ತಟ್ಟನೆ ಹಿಂದೆ ಸರಿಯುತ್ತಾನೆ. ನನ್ನಂಥವನು ನಿನ್ನನ್ನು ಮುಟ್ಟಬಾರದು ಅನ್ನುತ್ತಾನೆ. ವಾದದಲ್ಲಿ ಗೆದ್ದವನಿಗೂ ಮೈಗೆ ಅಂಟಿದ ಮೈಲಿಗೆ ಹೋಗಿಲ್ಲ.

ಮೊದಲನೆಯ ನಾಟಕವನ್ನು ಲಂಕೇಶರು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದಿದ್ದಾರೆ, ಸಿಕ್ಕರೆ ಕುರುಬನ ದೃಶ್ಯವನ್ನು ಇನ್ನೊಮ್ಮೆ ಓದಿ. ಆಮೇಲೂ ಬೊಂಬೆಯಾಟವೇ ಅನ್ನಿಸಿದರೆ ಬರೆದು ಕಳಿಸಿ, ಜಾಗ ಕೊಡುತ್ತೇವೆ.