ಅಡಿನಾಯ್ಡ್ ತೆಗೆಸಿದರೆ ಕಿವಿ ಸರಿಹೋಗುತ್ತಾ?

ಐದು ವರ್ಷದ ಮಗಳಿಗೆ ನಾಲ್ಕು ತಿಂಗಳಿಂದ ಎರಡೂ ಕಿವಿಯೊಳಗೆ ನೀರು ನಿಂತಿದೆ, ಗೊರಕೆಯೂ ಇದೆ, ಅಡಿನಾಯ್ಡ್ ತೆಗೆಸಿದರೆ ಕಿವಿ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಅನುಕೂಲ ಆಗುವ ಸಾಧ್ಯತೆ ಚೆನ್ನಾಗಿದೆ, ಖಾತರಿ ಮಾತ್ರ ಇಲ್ಲ.

ಅಡಿನಾಯ್ಡ್ ಅಂದರೆ ಮೂಗಿನ ಹಿಂದೆ ಇರುವ ಮೆತ್ತನೆಯ ಗಡ್ಡೆಯಂಥ ಅಂಗಾಂಶ. ನಡುಗಿವಿಗೆ ಗಾಳಿ ಒಯ್ಯುವ ಯೂಸ್ಟೇಶಿಯನ್ ನಾಳದ ಬಾಯಿ ಅದರ ಪಕ್ಕದಲ್ಲೇ ಇದೆ. ಅಡಿನಾಯ್ಡ್ ಊದಿದರೆ ಅಲ್ಲಿ ಅಡ್ಡ ಆಗಬಹುದು. ಅದಕ್ಕಿಂತ ಮುಖ್ಯ, ಅದರಲ್ಲಿ ನೆಲೆ ನಿಂತ ಬ್ಯಾಕ್ಟೀರಿಯಾದಿಂದ ಕಿವಿಗೆ ಮತ್ತೆ ಮತ್ತೆ ಸೋಂಕು ತಗಲುತ್ತದೆ. ಹಾಗಾಗಿ ತೀರಾ ದೊಡ್ಡದಿಲ್ಲದಿದ್ದರೂ ತೆಗೆದರೆ ಕೆಲವು ಮಕ್ಕಳಿಗೆ ಉಪಯೋಗ ಆಗುತ್ತದೆ.

ಸಾಮಾನ್ಯವಾಗಿ 3 ತಿಂಗಳು ಕಾದು ನೋಡುತ್ತಾರೆ, ಎಷ್ಟೋ ಮಕ್ಕಳಲ್ಲಿ ನೀರು ತಾನಾಗೇ ಇಳಿಯುತ್ತದೆ. ನೀವು ಅದನ್ನು ದಾಟಿದ್ದೀರಿ. ಶ್ರವಣ ಪರೀಕ್ಷೆ, ಟಿಂಪನೋಮೆಟ್ರಿ (ಕಿವಿ ಪರದೆ ಎಷ್ಟು ಅಲುಗಾಡುತ್ತದೆ ಅಂತ ನೋಡುವ ಪರೀಕ್ಷೆ) ಆಗಿದೆಯಾ? ಆಗಿಲ್ಲದಿದ್ದರೆ ಮೊದಲು ಅದನ್ನು ಕೇಳಿ. ಕೇಳಿಸುವುದು ಜಾಸ್ತಿ ಕಡಿಮೆಯಾಗಿದ್ದರೆ ಜೊತೆಗೆ ಗ್ರೊಮೆಟ್ (ಕಿವಿ ಪರದೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಬೇಕಾ ಅಂತಲೂ ವಿಚಾರಿಸಿ. ಅದರಿಂದ ನೀರು ಬೇಗ ಹೋಗುತ್ತದೆ. ಗ್ರೊಮೆಟ್ ಹೆಚ್ಚಾಗಿ 6ರಿಂದ 18 ತಿಂಗಳಲ್ಲಿ ತಾನೇ ಬಿದ್ದುಹೋಗುತ್ತದೆ.

ಮಗುವಿನ ಅಂಗುಳಲ್ಲಿ ಸೀಳು ಇದ್ದರೆ, ಕುಡಿದದ್ದು ಮೂಗಿನಿಂದ ಬರುತ್ತಿದ್ದರೆ ಡಾಕ್ಟರಿಗೆ ಮುಂಚೆಯೇ ಹೇಳಲೇಬೇಕು, ಇಲ್ಲದಿದ್ದರೆ ಆಪರೇಷನ್ ಆದಮೇಲೆ ಮಾತು ಮೂಗಿನಲ್ಲಿ ಬರಬಹುದು. ಮನೆಗೆ ಬಂದಮೇಲೆ ಕೆಲವು ದಿನ ಬಾಯಿ ವಾಸನೆ ಬರುವುದು ಮಾಮೂಲಿ. ಹೊಸ ರಕ್ತ ಕಂಡರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ.

ಕಿವಿ ಸರಿಹೋಗುವವರೆಗೂ ಅವಳ ಎದುರಿಗೆ ಕೂತು ಮಾತಾಡಿ, ಟೀಚರಿಗೂ ಹೇಳಿ ಮುಂದಿನ ಬೆಂಚಿನಲ್ಲಿ ಕೂರಿಸಿ.