ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿಂದ ತಪ್ಪು ಮಾಡದ ಚಾಲಕನಿಗೆ ಏನು ತೊಂದರೆ?

ಚಿಕ್ಕಮಗಳೂರಿನಿಂದ ಬೇಲೂರು ಮಾರ್ಗವಾಗಿ ಹಾಸನಕ್ಕೆ ಕಾರಿನಲ್ಲಿ ಕೆಲಸಕ್ಕೆ ಬರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ವೇಗದ ಮಿತಿ ಮೀರದ, ಸೀಟ್ ಬೆಲ್ಟ್ ಹಾಕುವ ಚಾಲಕನಿಗೆ ಈ ಕ್ಯಾಮೆರಾಗಳಿಂದ ಏನು ತೊಂದರೆ? ಕ್ಯಾಮೆರಾ ಓದದಂತೆ ಪ್ಲೇಟಿನ ಮೇಲೆ ಹಾಳೆ ಅಂಟಿಸಬಹುದೇ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅಂಟಿಸಬೇಡಿ. ಪ್ಲೇಟ್ ಮರೆಮಾಡುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಶಿರಾಡಿ ಘಾಟಿಯಲ್ಲಿ ಬೈಕಿಗೆ ಗುದ್ದಿ ನಿಲ್ಲದೆ ಹೋದ ಲಾರಿಯನ್ನು ಪತ್ತೆ ಹಚ್ಚಲು ಆ ನಂಬರೇ ಆಧಾರ. ಕಳುವಾದ ವಾಹನ ಸಿಗುವುದೂ ಇದರಿಂದಲೇ. ಕ್ಯಾಮೆರಾವೇ ಬೇಡ ಎನ್ನುವವನು ನಾನಲ್ಲ.

ಹಾಸನದಲ್ಲಿ ಸಿಸಿಟಿವಿ ಅಳವಡಿಸುವುದು ನನ್ನ ವೃತ್ತಿ. ಅಪಾರ್ಟ್‌ಮೆಂಟ್‌ಗಳಿಗೆ, ಸಕಲೇಶಪುರದ ಕಡೆಯ ರೆಸಾರ್ಟ್‌ಗಳ ಗೇಟುಗಳಿಗೆ ನಂಬರ್ ಓದುವ ಕ್ಯಾಮೆರಾಗಳನ್ನೂ ಹಾಕಿಕೊಡುತ್ತೇನೆ. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳಬಲ್ಲೆ. ಕ್ಯಾಮೆರಾದ ಪಕ್ಕದಲ್ಲಿರುವ ಇನ್‌ಫ್ರಾರೆಡ್ ದೀಪದ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಪ್ಲೇಟಿನ ಹೊಳೆಯುವ ಹಾಳೆಗೆ ಬಿದ್ದು ಹಿಂತಿರುಗುತ್ತದೆ. ಹಾಗಾಗಿ ಕಗ್ಗತ್ತಲಿನಲ್ಲೂ ಅಕ್ಷರಗಳು ಎದ್ದು ಕಾಣುತ್ತವೆ. ತಂತ್ರಾಂಶ ಅವನ್ನು ಓದಿ ಒಂದು ಸಾಲು ಬರೆಯುತ್ತದೆ: ನಂಬರ್, ದಿನಾಂಕ, ಸಮಯ, ಯಾವ ಕ್ಯಾಮೆರಾ. ಜೊತೆಗೆ ಒಂದು ಚಿಕ್ಕ ಚಿತ್ರ.

ಜನ ಸಾಮಾನ್ಯವಾಗಿ ಗಮನಿಸದ ವಿಷಯ ಈ ಸಾಲಿನಲ್ಲೇ ಇದೆ. ವಿಡಿಯೊ ತುಂಬಾ ಜಾಗ ತಿನ್ನುತ್ತದೆ. ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ಹದಿನೈದು ದಿನಕ್ಕೋ ತಿಂಗಳಿಗೋ ಅದು ತಾನಾಗಿಯೇ ಅಳಿದುಹೋಗುತ್ತದೆ. ಅಕ್ಷರದ ಸಾಲಿಗೆ ಬೇಕಾದ ಜಾಗ ಲೆಕ್ಕಕ್ಕೇ ಇಲ್ಲ. ಯಾರಾದರೂ ಕುಳಿತು ಅಳಿಸದಿದ್ದರೆ ವರ್ಷಗಟ್ಟಲೆ ಉಳಿಯುತ್ತದೆ. ವಿಡಿಯೊದಲ್ಲಿ ನಿಮ್ಮ ಕಾರನ್ನು ಹುಡುಕಲು ಗಂಟೆಗಟ್ಟಲೆ ಕಣ್ಣು ನೆಟ್ಟು ಕೂರಬೇಕು. ಪಟ್ಟಿಯಲ್ಲಿ ಹುಡುಕಲು ಕೆಎ 18 ಎಂದು ಆರಂಭಿಸಿ ನಂಬರ್ ಟೈಪ್ ಮಾಡಿದರೆ ಸಾಕು.

ಒಂದು ರೆಸಾರ್ಟಿಗೆ ದುರಸ್ತಿಗೆ ಹೋಗಿದ್ದಾಗ ಇದನ್ನು ಕಣ್ಣಾರೆ ಕಂಡೆ. ಒಬ್ಬರು ಬಂದು ಒಂದು ನಂಬರ್ ಹೇಳಿ, ಈ ಗಾಡಿ ಇಲ್ಲಿಗೆ ಬಂದಿತ್ತೇ ಎಂದು ಕೇಳಿದರು. ಕೌಂಟರಿನಲ್ಲಿದ್ದ ಹುಡುಗ ಯಾಕೆ ಎಂದೂ ಕೇಳದೆ, ನಂಬರ್ ಹಾಕಿ ಮಾನಿಟರನ್ನೇ ಅವರತ್ತ ತಿರುಗಿಸಿದ. ಬಂದ ದಿನ, ಹೊರಟ ಹೊತ್ತು, ಮುಂದಿನ ಸೀಟಿನಲ್ಲಿದ್ದವರ ಮಸುಕು ಮುಖ, ಎಲ್ಲವೂ ಪರದೆಯ ಮೇಲಿತ್ತು. ಆ ಮನುಷ್ಯ ಗಂಡನೋ, ಸಾಲ ಕೊಟ್ಟವನೋ, ದ್ವೇಷ ಸಾಧಿಸುತ್ತಿದ್ದವನೋ ಯಾರಿಗೆ ಗೊತ್ತು? ಆ ಕಾರಿನವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದೇ ನನ್ನ ಉತ್ತರ. ದಂಡದ ಭಯ ತಪ್ಪು ಮಾಡುವವರಿಗೆ. ಯಾವ ವೈದ್ಯರ ಬಳಿಗೆ ಹೋದಿರಿ, ಯಾವ ಸಭೆಗೆ ಹೋದಿರಿ, ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿರಿ ಎಂಬುದು ಪರರ ಕೈಸೇರುವ ಭಯ ಎಲ್ಲರಿಗೂ ಸೇರಿದ್ದು.

ಸರ್ಕಾರಿ ಕ್ಯಾಮೆರಾಗಳ ವಿಷಯದಲ್ಲಿ ನಿಯಮಗಳಿವೆ, ಆದರೆ ಅರ್ಧ ದಾರಿಗೆ ನಿಲ್ಲುತ್ತವೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿಸಲಾಯಿತು. ಕ್ಯಾಮೆರಾ ಇರುವ ರಸ್ತೆಯಲ್ಲಿ ಎಚ್ಚರಿಕೆ ಫಲಕ ಇರಬೇಕು, ತಪ್ಪಿನ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು, ಚಲನ್ ಇತ್ಯರ್ಥವಾಗುವವರೆಗೆ ದಾಖಲೆ ಇಟ್ಟುಕೊಳ್ಳಬೇಕು ಎಂದು ಅದು ಹೇಳಿತು. ತಪ್ಪೇ ಮಾಡದೆ ಹಾದುಹೋದ ವಾಹನಗಳ ಸಾಲನ್ನು ಎಷ್ಟು ದಿನದಲ್ಲಿ ಅಳಿಸಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪೊಲೀಸರು ಹುಡುಕುತ್ತಿರುವ ವಾಹನವಲ್ಲದಿದ್ದರೆ ಮೂರು ನಿಮಿಷದಲ್ಲಿ ಅಳಿಸಬೇಕು. ಬ್ರಿಟನ್ನಿನಲ್ಲಿ ಒಂದು ವರ್ಷದವರೆಗೆ ಇಟ್ಟುಕೊಳ್ಳಬಹುದು. ಮೂರು ನಿಮಿಷವೋ ಒಂದು ವರ್ಷವೋ, ಅಲ್ಲಿನವರಿಗೆ ವಾದಿಸಲು ಒಂದು ಅಂಕಿಯಾದರೂ ಇದೆ.

ನಮ್ಮ ಮಾಹಿತಿ ಸರ್ಕಾರದ ಬಳಿ ಭದ್ರ ಎಂದು ಕಣ್ಣು ಮುಚ್ಚಿ ನಂಬಲೂ ಆಗದು. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಾಹನ ನೋಂದಣಿ ಮಾಹಿತಿಯನ್ನು ಸಗಟಾಗಿ ಮಾರುವ ನೀತಿಯನ್ನೇ ತಂದಿತ್ತು. ಇಂಥ ಮಾಹಿತಿ ಹಂಚಿಕೆಯಿಂದ ಸುಮಾರು 65 ಕೋಟಿ ರೂಪಾಯಿ ಬಂದಿದೆ ಎಂದು ಸಂಸತ್ತಿಗೂ ತಿಳಿಸಿತು. ಖಾಸಗಿತನಕ್ಕೆ ಧಕ್ಕೆಯಾಗುತ್ತದೆ ಎಂಬ ಕಾರಣಕ್ಕೆ 2020ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟಿನಲ್ಲಿ ಒಮ್ಮತದಿಂದ ಹೇಳಿದ್ದರು. ಆ ಮೊಕದ್ದಮೆ ಹೂಡಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕನ್ನಡಿಗರಾದ ನಾವು ಇದನ್ನು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕು ಎಂಬುದು ನನ್ನ ಅನಿಸಿಕೆ.

2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಖಾಸಗಿ ಗೇಟುಗಳಿಗೆ ಲಗಾಮು ಹಾಕಬಲ್ಲದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಪರಾಧ ತಡೆ ಮತ್ತು ತನಿಖೆಗೆ ಮಾತ್ರ ದೊಡ್ಡ ವಿನಾಯಿತಿಯೇ ಇದೆ.

ಕ್ಯಾಮೆರಾ ತಪ್ಪಾಗಿಯೂ ಓದುತ್ತದೆ. ಮಲೆನಾಡಿನ ಮಳೆಗಾಲದ ಕೆಸರು ಮೆತ್ತಿದ ಪ್ಲೇಟಿನಲ್ಲಿ 8 ಮತ್ತು ಇಂಗ್ಲಿಷಿನ ಬಿ ಒಂದೇ ಆಗಿಬಿಡುತ್ತವೆ. ಅಪರಿಚಿತ ಚಲನ್ ಬಂದರೆ ಹಣ ಕಟ್ಟುವ ಮೊದಲು ಅದರ ಚಿತ್ರ ತೆರೆದು ವಾಹನದ ಮಾದರಿ, ಬಣ್ಣ, ಸ್ಥಳ ನೋಡಿ. ನಿಮ್ಮದಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸಿ.

ನಿಮ್ಮಿಂದ ಆಗುವ ಕೆಲಸವೂ ಇದೆ. ನಿಮ್ಮ ಅಪಾರ್ಟ್‌ಮೆಂಟಿನ ಅಥವಾ ಕಚೇರಿಯ ಗೇಟಿನಲ್ಲಿ ಇಂಥ ಕ್ಯಾಮೆರಾ ಇದ್ದರೆ, ಪಟ್ಟಿ ಎಷ್ಟು ದಿನ ಇರುತ್ತದೆ, ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಕೇಳಿ. ಅಳಿಸುವ ಅವಧಿಯನ್ನು ತಂತ್ರಾಂಶದಲ್ಲೇ ನಿಗದಿ ಮಾಡಬಹುದು, ಐದು ನಿಮಿಷದ ಕೆಲಸ. ನನ್ನ ಗ್ರಾಹಕರಿಗೆ 30 ದಿನ ಸಾಕು ಎಂದು ಹೇಳಿ ಹಾಗೆಯೇ ಇಟ್ಟು ಬರುತ್ತೇನೆ. ರಸ್ತೆಯ ಕ್ಯಾಮೆರಾಗಳ ಬಗ್ಗೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ತಪ್ಪು ಮಾಡದ ವಾಹನಗಳ ದಾಖಲೆಯನ್ನು ಎಷ್ಟು ದಿನ ಇಡುತ್ತಾರೆ, ಹುಡುಕಲು ಯಾವ ದರ್ಜೆಯ ಅಧಿಕಾರಿಯ ಅನುಮತಿ ಬೇಕು ಎಂದಷ್ಟೇ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗಿರಬೇಕು, ಶುಲ್ಕ 10 ರೂಪಾಯಿ. ಹಾಸನಕ್ಕೆ ನಾನು ಹಾಕುತ್ತೇನೆ, ಚಿಕ್ಕಮಗಳೂರಿಗೆ ನೀವು ಹಾಕಿ.