ಮನೆ ಮಾರುವ ಮುಂಚೆ ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ 1996ರಲ್ಲಿ ಕಟ್ಟಿಸಿದ ಮನೆ ಇದೆ. 30x40 ಸೈಟು, ಮೇಲೆ ಮಹಡಿ ಇಲ್ಲ. ತಂದೆ ತಾಯಿ ಇಬ್ಬರೂ ಹೋದ ಮೇಲೆ ಖಾಲಿ ಬಿದ್ದಿದೆ. ಮಾರೋಣ ಅಂತ ನಾನೂ ತಂಗಿಯೂ ಒಪ್ಪಿದ್ದೇವೆ. ಆರು ಲಕ್ಷ ಹಾಕಿ ವಿಟ್ರಿಫೈಡ್ ಟೈಲ್ಸ್, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಮಾಡಿಸಿದರೆ ಹನ್ನೆರಡು ಲಕ್ಷ ಜಾಸ್ತಿ ಬರುತ್ತದೆ ಅಂತ ಬ್ರೋಕರ್ ಹೇಳುತ್ತಿದ್ದಾರೆ. ಈಗಿರುವುದು ರೆಡ್ ಆಕ್ಸೈಡ್ ನೆಲ. ನಡುಮನೆಯ ಒಂದು ಮೂಲೆಯಲ್ಲಿ ಮಳೆಗಾಲಕ್ಕೆ ತೇವ ಬರುತ್ತದೆ. ಬಣ್ಣ ಬಳಿದರೆ ಸಾಕಾ? (ಓದುಗರು, ಮೈಸೂರು)

ಉತ್ತರ: ಆ ಆರು ಲಕ್ಷ ಹಾಕಬೇಡಿ ಸರ್. ನಿಮ್ಮ ಮನೆಗೆ ಬರುವ ಬೆಲೆಯಲ್ಲಿ ದೊಡ್ಡ ಪಾಲು ಸೈಟಿನದು. ಸುಮಾರು ಮೂವತ್ತು ವರ್ಷದ ಕಟ್ಟಡಕ್ಕೆ ಬ್ಯಾಂಕಿನ ವ್ಯಾಲ್ಯುಯರ್ ಸವಕಳಿ ಕಳೆದೇ ಬೆಲೆ ಕಟ್ಟುತ್ತಾರೆ, ಅಡುಗೆಮನೆಯ ಕಪಾಟು ಎಷ್ಟು ಹೊಳೆಯುತ್ತದೆ ಅಂತ ಅಲ್ಲ. ಇಂಥ ಮನೆ ನೋಡಲು ಬರುವವರಲ್ಲಿ ಕೆಲವರು ಕೆಡವಿ ಹೊಸದು ಕಟ್ಟುವವರು. ಅವರಿಗೆ ನಿಮ್ಮ ಟೈಲ್ಸ್ ಬೇಕಾಗಿಯೇ ಇಲ್ಲ. ಇದ್ದ ಹಾಗೇ ಬಂದು ಇರುವವರಿಗೆ ಅಡುಗೆಮನೆ ತಮ್ಮ ಇಷ್ಟದ ಹಾಗೆ ಬೇಕು, ನೀವು ಆರಿಸಿದ ಬಣ್ಣ ಅವರಿಗೆ ಹಿಡಿಸದಿದ್ದರೆ ಆ ದುಡ್ಡು ಹೋಯಿತು ಅಂತಲೇ ಲೆಕ್ಕ.

ರೆಡ್ ಆಕ್ಸೈಡ್ ನೆಲವನ್ನಂತೂ ದಯವಿಟ್ಟು ಮುಟ್ಟಬೇಡಿ. ಈಗ ಅದನ್ನು ಮಾಡುವ ಒಳ್ಳೆ ಕೈಗಳೇ ಕಡಿಮೆ. ಚೆನ್ನಾಗಿ ತೊಳೆದು, ಬಿರುಕು ಬಿಟ್ಟ ಕಡೆ ತಿಳಿದವರಿಂದ ತುಂಬಿಸಿ, ಪಾಲಿಶ್ ಮಾಡಿಸಿ. ತೇಗದ ಬಾಗಿಲು ಕಿಟಕಿ ಇದ್ದರೆ ಹಳೆ ಪೇಂಟ್ ಕೆರೆಸಿ ವಾರ್ನಿಶ್ ಹಾಕಿಸಿ. ಖರ್ಚು ಕಡಿಮೆ, ಮನೆಯ ಲಕ್ಷಣವೂ ಉಳಿಯುತ್ತದೆ.

ಈಗ ಆ ತೇವದ ಮೂಲೆಗೆ ಬರೋಣ, ನಿಮ್ಮ ಮನೆಯ ಬೆಲೆ ಸಿಕ್ಕಿಹಾಕಿಕೊಂಡಿರುವುದೇ ಅಲ್ಲಿ. ಮನೆ ನೋಡಲು ಬಂದವರು ಮೊದಲು ತಲೆ ಎತ್ತಿ ಮೋಲ್ಡಿನ ಮೂಲೆಗಳನ್ನು ನೋಡುತ್ತಾರೆ, ಆಮೇಲೆ ಗೋಡೆ ಮುಟ್ಟುತ್ತಾರೆ, ಒಂದು ನಲ್ಲಿ ತಿರುಗಿಸುತ್ತಾರೆ. ಒಂದು ಕಲೆ ಕಂಡರೆ ಸಾಕು, ಕಾಣದ ಕಡೆ ಇನ್ನೂ ಎಷ್ಟಿದೆಯೋ ಅಂತ ಅನುಮಾನ ಬಂದು ರಿಪೇರಿಗೆ ಆಗುವುದಕ್ಕಿಂತ ಎಷ್ಟೋ ಪಟ್ಟು ಚೌಕಾಸಿ ಮಾಡುತ್ತಾರೆ. ಹಾಗಂತ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ತೇವ ಒಳಗೇ ಇದ್ದರೆ ಪುಟ್ಟಿ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರಲು ಶುರುವಾಗುತ್ತದೆ, ಅದೂ ಯಾರಾದರೂ ಅಡ್ವಾನ್ಸ್ ಕೊಡಲು ಬಂದ ದಿನವೇ ಕಾಣಬಹುದು. ಇನ್ನೊಂದು ವಿಷಯ: ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷವನ್ನು ತಿಳಿಸಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಟೆರೇಸ್ ಮೇಲೆ ಹೋಗಿ ಆ ಮೂಲೆಯ ನೇರಕ್ಕೆ ನಿಂತು ನೋಡಿ, ಪ್ಯಾರಪೆಟ್ ಗೋಡೆಯೂ ಮೋಲ್ಡೂ ಕೂಡುವ ಕಡೆ ಕೂದಲೆಳೆಯಷ್ಟು ಬಿರುಕು ಇರುತ್ತದೆ, ಅದರಲ್ಲಿ ಪಾಚಿ ಕಟ್ಟಿರುತ್ತದೆ. ಸಾಮಾನ್ಯವಾಗಿ ಕಳ್ಳ ಅಲ್ಲೇ ಇರುವುದು. ಅನುಮಾನ ಇದ್ದರೆ ನೀರು ಹೋಗುವ ಪೈಪುಗಳ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು ಕೆಳಗೆ ನೋಡಿ. ಮೇಲೆ ಏನೂ ಇಲ್ಲದೆ ತೇವ ನೆಲದ ಕಡೆಯಿಂದ ಮೇಲಕ್ಕೆ ಏರಿದ್ದರೆ ಅದು ಪಾಯದ ತೇವ, ಅದಕ್ಕೆ ಮದ್ದು ಬೇರೆ. ಟೆರೇಸಿನ ಬಿರುಕೇ ಕಾರಣವಾದರೆ ಅದನ್ನು ಕೆತ್ತಿ ಬಿಡಿಸಿ, ಮೂಲೆಗೆ ಗಾರೆಯಲ್ಲಿ ಇಳಿಜಾರು ಕೊಟ್ಟು, ಆಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ. ಬರೀ ಬ್ರಷ್‌ನಲ್ಲಿ ಬಳಿದು ಹೋಗುತ್ತೇನೆ ಅನ್ನುವ ಮೇಸ್ತ್ರಿಯನ್ನು ಕರೆಯಲೇಬೇಡಿ. ಒಳಗಿನ ಹಾಳಾದ ಪ್ಲಾಸ್ಟರ್ ಕೆತ್ತಿಸಿ ಹೊಸದು ಮಾಡಿಸಿದರೆ ಅದು ಆರಲು ತಿಂಗಳಾದರೂ ಬಿಡಿ, ಬಣ್ಣ ಆಮೇಲೆ. ಅದಕ್ಕೇ ಈ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಶುರು ಮಾಡುವುದು ಒಳ್ಳೆಯದು.

ವೈರಿಂಗ್ ಹಳೆಯದಾದರೆ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ, ಶಾಕ್ ಹೊಡೆಯದ ಹಾಗೆ ಕರೆಂಟ್ ಕಡಿಯುವ ಬ್ರೇಕರ್ ಹಾಕಿಸಿ. ಸಂಪು, ಟ್ಯಾಂಕ್ ತೊಳೆಸಿ. ಗೇಟಿಗೆ, ಹೊರಗೋಡೆಗೆ ಪೇಂಟ್. ಇಷ್ಟೇ.

ಇದಕ್ಕಿಂತ ಮುಂಚೆ ಆಗಬೇಕಾದ್ದು ಕಾಗದ. ಖಾತೆ ಇನ್ನೂ ತಂದೆಯ ಹೆಸರಿನಲ್ಲೇ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಿಮ್ಮಿಬ್ಬರ ಹೆಸರಿಗೆ ಮಾಡಿಸಿ. 2024ರ ಕೊನೆಯಿಂದ ರಾಜ್ಯದ ನಗರಗಳಲ್ಲಿ ಇ-ಖಾತಾ, ಅಂದರೆ ಕಂಪ್ಯೂಟರ್‌ನಲ್ಲಿ ದಾಖಲಾದ ಖಾತೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಇಸಿಯನ್ನು, ಅಂದರೆ ಆಸ್ತಿಯ ಮೇಲೆ ಸಾಲ, ವ್ಯವಹಾರ ಏನಿದೆ ಅಂತ ತೋರಿಸುವ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ತೆಗೆಯಬಹುದು. ಕಂದಾಯದ ರಸೀದಿ, ಮಂಜೂರಾದ ಪ್ಲಾನ್ ಎಲ್ಲ ಒಂದು ಫೈಲ್‌ನಲ್ಲಿ ಇಡಿ. ಕೊಳ್ಳುವವರು ಸಾಲ ಮಾಡಿ ಬರುವವರಾದರೆ ಬ್ಯಾಂಕಿನ ವಕೀಲರು ಕೇಳುವುದು ಈ ಫೈಲನ್ನೇ. ಅದು ರೆಡಿ ಇದ್ದರೆ ನಿಮಗೆ ಗಟ್ಟಿಯಾಗಿ ಬೆಲೆ ಹೇಳುವ ಧೈರ್ಯ ಇರುತ್ತದೆ.

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಹದಿನೈದು ವರ್ಷದ ಡಬಲ್ ಬೆಡ್‌ರೂಮ್ ಫ್ಲ್ಯಾಟ್. ಇದಕ್ಕೂ ಇದೇ ಲೆಕ್ಕವಾ? ಬಾಗಿಲು ದಕ್ಷಿಣಕ್ಕೆ ಇದೆ, ವಾಸ್ತು ಸರಿಪಡಿಸಿದರೆ ಬೆಲೆ ಬರುತ್ತದೆ ಅನ್ನುತ್ತಾರೆ. (ಓದುಗರು, ಬೆಂಗಳೂರು)

ಉತ್ತರ: ಸ್ವಲ್ಪ ಬೇರೆ. ಫ್ಲ್ಯಾಟ್‌ನಲ್ಲಿ ನಿಮ್ಮ ಪಾಲಿನ ಜಾಗ ಕಡಿಮೆ, ಬಂದವರು ನೋಡುವುದು ಒಳಗೆ ಹೇಗಿದೆ ಅಂತಲೇ. ಹಾಗಾಗಿ ಪೇಂಟ್, ಬಾತ್‌ರೂಮ್, ನಲ್ಲಿಗಳು ಇಲ್ಲಿ ಕೆಲಸ ಮಾಡುತ್ತವೆ. ಬಾತ್‌ರೂಮ್ ಟೈಲ್ಸ್‌ನ ಸಂದುಗಳನ್ನು ಎಪಾಕ್ಸಿ ಗ್ರೌಟ್‌ನಲ್ಲಿ ತುಂಬಿಸಿ, ಕೆಳಗಿನ ಮನೆಯವರ ಸೋರಿಕೆ ತಕರಾರು ಇದ್ದರೆ ಅದನ್ನು ಮುಗಿಸಿ. ಮೇಂಟೆನೆನ್ಸ್ ಬಾಕಿ ತೀರಿಸಿ ಸಂಘದಿಂದ ನೋ ಡ್ಯೂ ಪತ್ರ ತೆಗೆದುಕೊಳ್ಳಿ.

ವಾಸ್ತುವಿಗೆ ಅಂತ ಗೋಡೆ ಮಾತ್ರ ಒಡೆಯಬೇಡಿ. ನಿಮ್ಮ ಪಂಡಿತರು ಸರಿ ಅಂದಿದ್ದನ್ನು ಕೊಳ್ಳುವವರ ಪಂಡಿತರು ತಪ್ಪು ಅನ್ನಬಹುದು. ಜೊತೆಗೆ ಅಪಾರ್ಟ್‌ಮೆಂಟ್‌ನಲ್ಲಿ ಕಂಬ, ತೊಲೆ, ಹೊರಗೋಡೆ ಮುಟ್ಟುವುದು ಎಲ್ಲರಿಗೂ ಅಪಾಯ. ದಿಕ್ಕು ಯಾವುದು ಅಂತ ಜಾಹೀರಾತಿನಲ್ಲೇ ಬರೆದುಬಿಡಿ, ಅದನ್ನು ಒಪ್ಪುವವರೇ ನೋಡಲು ಬರುತ್ತಾರೆ.

ಪ್ರಶ್ನೆ: ಮಾರುವ ಮುಂಚೆ ಮಾಡಿಸಿದ ಕೆಲಸದ ಖರ್ಚನ್ನು ತೆರಿಗೆಯಲ್ಲಿ ಕಳೆಯಬಹುದಾ? (ಓದುಗರು, ದಾವಣಗೆರೆ)

ಉತ್ತರ: ಎಲ್ಲವನ್ನೂ ಅಲ್ಲ. ಬಣ್ಣ, ಸಣ್ಣ ರಿಪೇರಿ ಲೆಕ್ಕಕ್ಕೆ ಬರುವುದಿಲ್ಲ. ಮಹಡಿ ಕಟ್ಟಿಸಿದ್ದು, ಹೊಸ ರೂಮು, ಬೋರ್‌ವೆಲ್, ಕಾಂಪೌಂಡ್ ಇಂಥವನ್ನು ಮನೆಯ ಮೂಲಬೆಲೆಗೆ ಸೇರಿಸಬಹುದು, ಆದರೆ ಬಿಲ್ ಬೇಕು. ಮೇಸ್ತ್ರಿಗೆ ಬ್ಯಾಂಕ್ ಮೂಲಕವೇ ದುಡ್ಡು ಕೊಡಿ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದಾದರೆ ಹಣದುಬ್ಬರ ಕಳೆದು ಶೇ 20ರ ಲೆಕ್ಕದಲ್ಲೂ ನೋಡಬಹುದು, ದೇಶದಲ್ಲೇ ವಾಸವಿರುವವರಿಗೆ ಈ ಅನುಕೂಲ. ಯಾವುದು ಕಡಿಮೆ ಬರುತ್ತದೆ ಅಂತ ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆಯೇ ಆಡಿಟರ್ ಹತ್ತಿರ ಎರಡೂ ಲೆಕ್ಕ ಹಾಕಿಸಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ನಿಮ್ಮ ಲೆಕ್ಕಕ್ಕೆ ಮೊದಲೇ ಕಟ್ಟುವ ತೆರಿಗೆ) ಹಿಡಿದು ಉಳಿದದ್ದನ್ನು ಕೊಡುತ್ತಾರೆ, ಅದರ ಸರ್ಟಿಫಿಕೇಟ್ ಕೇಳಿ ಇಸಿದುಕೊಳ್ಳಿ.